ಬಾಲರ ವೇದನಾಪರೀಕ್ಷೆ

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ. ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ ಎಂಬಿವೇ ಆ ಪಾದಗಳು. ಉಪಸ್ಥಾತೃವೆಂದರೆ ರೋಗಿಯ ಬಳಿಯಲ್ಲಿದ್ದು ಉಪಚರಿಸುವ ಪರಿಚಾರಕ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು ವಿಹಿತವಾಗಿವೆ. ರೋಗಿಗೆ ಇರತಕ್ಕ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ; ಎಂದರೆ, ನಡೆದುದನ್ನು ನೆನೆಯುವುದು, ಹೇಳಿದಂತೆ ನಡೆಯುವುದು, ಹೆದರದಿರುವುದು, ತನ್ನ ರೋಗವನ್ನು ತಾನೇ ತಿಳಿಸಬಲ್ಲವನಾಗಿರುವುದು. ಹಾಲುಗೂಸಿನಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಹೀಗೆ ಒಂದು ಪಾದವೇ ಊನವಾದ ಚಿಕಿತ್ಸೆ ನಿಲ್ಲುವುದೆಂತು? ಕೌಮಾರಭೃತ್ಯವೆಂಬ ಆಯುರ್ವೇದಾಂಗದಲ್ಲಿಯೂ ಇಂದಿನ ಶಿಶುಪರಿಚರ್ಯಾಶಾಸ್ತ್ರದಲ್ಲಿಯೂ ಈ ಪ್ರಶ್ನೆಗೆ ದೊರೆಯುವ ಉತ್ತರ ಒಂದೇ: ರೋಗಿಯಲ್ಲಿಲ್ಲದ ಜ್ಞಾಪಕತ್ವವನ್ನು ಪರಿಚಾರಕನೇ ತುಂಬಿಕೊಡಬೇಕು. ಅದು ಹೇಗೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ವಾಗ್ಭಟನು ಅಷ್ಟಾಂಗಹೃದಯದಲ್ಲಿ ರೋಗಿಯನ್ನು ಪರೀಕ್ಷಿಸಲು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಉಪಾಯಗಳನ್ನು ಹೇಳಿರುವನು. ಸುಶ್ರುತನು ಹದಿನಾರು ವರ್ಷ ತುಂಬದವರನ್ನು ಬಾಲರೆಂದು ಕರೆದು, ಒಂದು ವರ್ಷದವರೆಗೆ ಕ್ಷೀರಪರು, ಎರಡು ವರ್ಷದವರೆಗೆ ಕ್ಷೀರಾನ್ನಾದರು, ಅಲ್ಲಿಂದ ಮೇಲೆ ಅನ್ನಾದರು ಎಂದು ವಿಭಾಗಿಸಿರುವನು. ಈ ವಿಭಾಗವು ಆಹಾರವನ್ನು ಕುರಿತದ್ದಾದರೂ ಪರೀಕ್ಷಾಕ್ರಮಕ್ಕೂ ಒದಗುತ್ತದೆ. ಕ್ಷೀರಪನಲ್ಲಿ ಪ್ರಶ್ನವು ನಿಷ್ಫಲ. ದರ್ಶನ ಸ್ಪರ್ಶನಗಳೇ ಗತಿ. ಬಾಲನು ಬೆಳೆದಂತೆಲ್ಲ ಪ್ರಶ್ನಕ್ಕೆ ಅವಕಾಶವು ಹೆಚ್ಚುತ್ತ ಬರುತ್ತದೆ.

ಮಾತಾಡದ ಶಿಶುವಿನ ವೇದನೆಯನ್ನು ತಿಳಿಯುವ ಬಗೆಯನ್ನು ಪ್ರತ್ಯೇಕ ಅಧ್ಯಾಯವಾಗಿ ವಿವರಿಸಿರುವ ಗ್ರಂಥವು ಕಾಶ್ಯಪಸಂಹಿತೆ. ಇದಕ್ಕೆ ವೃದ್ಧಜೀವಕೀಯ ತಂತ್ರವೆಂಬ ಹೆಸರೂ ಉಂಟು. ನೇಪಾಳದಲ್ಲಿ ದೊರೆತ ತ್ರುಟಿತವಾದ ಹಸ್ತಪ್ರತಿಯ ಆಧಾರದಿಂದ ರಾಜಗುರು ಹೇಮರಾಜ ಶರ್ಮರ ಉಪೋದ್ಘಾತದೊಡನೆ ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಇದು ಪ್ರಕಟವಾಯಿತು. ಇದರ ಸೂತ್ರಸ್ಥಾನದಲ್ಲಿರುವ ವೇದನಾಧ್ಯಾಯವು ಒಂದೊಂದು ಅಂಗದ ನೋವಿಗೂ ಒಂದೊಂದು ಲಕ್ಷಣಸಮೂಹವನ್ನು ಕೊಡುತ್ತದೆ. ತಲೆನೋವಿರುವ ಶಿಶು ತಲೆಯನ್ನು ಬಹಳವಾಗಿ ಅಲುಗಿಸುತ್ತದೆ, ಕಣ್ಣು ಮುಚ್ಚುತ್ತದೆ, ಮುಲುಗುತ್ತದೆ, ನಿದ್ರಿಸುವುದಿಲ್ಲ. ಕಿವಿನೋವಿರುವುದು ಕೈಗಳಿಂದ ಕಿವಿಗಳನ್ನು ಮುಟ್ಟಿಕೊಳ್ಳುತ್ತದೆ; ಹಾಲು ಒಲ್ಲದು. ಬಾಯಿಯ ರೋಗವಿದ್ದರೆ ಜೊಲ್ಲು ಅತಿಯಾಗಿ ಸುರಿಯುವುದು, ಮೊಲೆಯನ್ನು ದ್ವೇಷಿಸುವುದು, ಕುಡಿದ ಹಾಲನ್ನು ಹೊರಹಾಕುವುದು, ಮೂಗಿನಿಂದಲೇ ಉಸಿರಾಡುವುದು. ಹೊಟ್ಟೆಶೂಲೆಯಾದರೆ ಹೊಟ್ಟೆ ಬಿಗಿಯುವುದು, ಮುಖದಲ್ಲಿ ಬೆವರೊಡೆಯುವುದು. ಸುಶ್ರುತನು ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮವನ್ನು ಸೇರಿಸಿರುವನು. ನೋವಿರುವ ಅಂಗವನ್ನು ಶಿಶು ತಾನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತದೆ. ಇತರರು ಅದನ್ನೇ ಮುಟ್ಟಿದರೆ ಅಳುತ್ತದೆ. ಇಲ್ಲಿ ದರ್ಶನ ಸ್ಪರ್ಶನಗಳೆರಡೂ ಒಂದನ್ನೊಂದು ದೃಢಪಡಿಸುತ್ತವೆ.

ಇವೆಲ್ಲವೂ ಲಿಂಗದಿಂದ ಲಿಂಗಿಯನ್ನು ತಿಳಿಯುವ ಅನುಮಾನಗಳು. ಅನುಮಾನಕ್ಕೆ ಹೇತುದೋಷದ ಭಯ ಸದಾ ಇದ್ದದ್ದೇ. ಅಳು ನೋವಿರುವಲ್ಲಿಯೂ ಹಸಿವಿರುವಲ್ಲಿಯೂ ಹೆದರಿಕೆಯಿರುವಲ್ಲಿಯೂ ಕಾಣುವುದರಿಂದ ಅದೊಂದೇ ಸವ್ಯಭಿಚಾರ ಹೇತುವಾಗುತ್ತದೆ. ಕೈ ಕಿವಿಗೆ ಹೋಗುವುದು ಬರಿಯ ಅಭ್ಯಾಸವೂ ಆಗಿರಬಹುದು. ಪ್ರಾಚೀನರು ಒಂದು ಲಕ್ಷಣವನ್ನು ಹೇಳಿ ನಿಲ್ಲಿಸದೆ ಮೂರು ನಾಲ್ಕನ್ನು ಕೂಡಿಸಿ ಹೇಳಿರುವುದು ಅರ್ಥವತ್ತಾಗುವುದು ಇಲ್ಲಿಯೇ. ಅವರು ಹೇಳಿದ ರೋಗಕಾರಣಗಳು, ವಿಶೇಷವಾಗಿ ಸುಶ್ರುತನ ಒಂಬತ್ತು ಬಾಲಗ್ರಹಗಳು, ಇಂದಿನ ವೈದ್ಯಶಾಸ್ತ್ರಕ್ಕೆ ಸಮ್ಮತವಲ್ಲ. ಕಾರಣಕಲ್ಪನೆ ಬಿದ್ದುಹೋದರೂ ಲಕ್ಷಣಗಳನ್ನು ಕೂಡಿಸಿ ನೋಡುವ ಕ್ರಮವು ಮಾತ್ರ ನಿಂತಿದೆ.

ಆ ಕ್ರಮಕ್ಕೆ ಆಧುನಿಕರು ಸಂಖ್ಯೆಯನ್ನು ಸೇರಿಸಿದರು. ಅಮೆರಿಕೆಯ ವೈದ್ಯೆ ವರ್ಜೀನಿಯಾ ಅಪ್ಗಾರ್ ೧೯೫೨ರಲ್ಲಿ ರೂಪಿಸಿದ ಪದ್ಧತಿಯಲ್ಲಿ ಆಗತಾನೆ ಹುಟ್ಟಿದ ಶಿಶುವಿನ ಹೃದಯಗತಿ, ಉಸಿರಾಟ, ಸ್ನಾಯುಗಳ ಬಿಗುವು, ಪ್ರತಿಕ್ರಿಯೆ, ಮೈಬಣ್ಣ ಎಂಬ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕಗಳನ್ನು ಕೊಟ್ಟು ಕೂಡಿಸುತ್ತಾರೆ. ಇದು ಶಿಶುವಿನ ಸಾಮಾನ್ಯಸ್ಥಿತಿಯನ್ನು ತಿಳಿಯಲು. ವೇದನೆಯನ್ನೇ ಅಳೆಯಲು ೧೯೯೭ರಲ್ಲಿ ಪ್ರಕಟವಾದ ಫ್ಲಾಕ್ ಎಂಬ ಮಾನವು ಮುಖಭಾವ, ಕಾಲುಗಳ ಇರವು, ಮೈಯ ಚಲನೆ, ಅಳು, ಸಮಾಧಾನವಾಗುವಿಕೆ ಎಂಬ ಐದನ್ನು ನೋಡಿ ಹತ್ತಕ್ಕೆ ಇಷ್ಟೆಂದು ನಿರ್ಣಯಿಸುತ್ತದೆ. ಇವುಗಳಲ್ಲಿ ಕೊನೆಯದು ಗಮನಾರ್ಹ. ಎತ್ತಿಕೊಂಡೊಡನೆ ನಿಲ್ಲುವ ಅಳು ಬೇರೆ, ಎತ್ತಿದರೂ ನಿಲ್ಲದ ಅಳು ಬೇರೆ. ಹೀಗೆ ಪರಿಚಾರಿಕೆಯ ತೋಳೇ ಪರೀಕ್ಷಾಸಾಧನವಾಗುತ್ತದೆ.

ಈ ವಿಚಾರವು ಕೇವಲ ಪಾಂಡಿತ್ಯದ್ದಲ್ಲವೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಒಂದು ವೃತ್ತಾಂತವೇ ಸಾಕ್ಷಿ. ನವಜಾತಶಿಶುವಿನ ನಾಡಿಗಳು ಇನ್ನೂ ಬಲಿತಿಲ್ಲ, ಆದುದರಿಂದ ಅದಕ್ಕೆ ನೋವು ತಿಳಿಯದು, ತಿಳಿದರೂ ನೆನಪಿನಲ್ಲಿ ಉಳಿಯದು ಎಂಬ ಮತವು ಪಾಶ್ಚಾತ್ಯ ವೈದ್ಯರಲ್ಲಿ ಬಹುಕಾಲ ಪ್ರಬಲವಾಗಿತ್ತು. ಅದರ ಫಲವಾಗಿ ಅನೇಕ ಶಿಶುಗಳಿಗೆ ಸಾಕಾದಷ್ಟು ವೇದನಾಹರವನ್ನು ಕೊಡದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತೀಯ ಮೂಲದ ವೈದ್ಯ ಆನಂದ್ ಮತ್ತು ಅವರ ಸಹೋದ್ಯೋಗಿಗಳು ೧೯೮೭ರಲ್ಲಿ ಪ್ರಕಟಿಸಿದ ಲೇಖನಗಳು ಈ ಮತವನ್ನು ಖಂಡಿಸಿದುವು. ವೇದನಾಹರವನ್ನು ಪಡೆದ, ಅಕಾಲದಲ್ಲಿ ಹುಟ್ಟಿದ ಶಿಶುಗಳು ಶಸ್ತ್ರಕ್ರಿಯೆಯನ್ನು ಹೆಚ್ಚು ಚೆನ್ನಾಗಿ ಸಹಿಸಿದುದನ್ನು ಅವರು ತೋರಿಸಿಕೊಟ್ಟರು. ಹೇಳಲಾರದವನಿಗೆ ನೋವೇ ಇಲ್ಲವೆಂದು ಬಗೆಯುವುದು ಜ್ಞಾಪಕದ ಅಭಾವದಿಂದ ಜ್ಞಾಪ್ಯದ ಅಭಾವವನ್ನು ಸಾಧಿಸಹೊರಟ ದೋಷ. ವೇದನಾಧ್ಯಾಯವನ್ನು ರಚಿಸಿದವನು ಈ ದೋಷಕ್ಕೆ ಸಿಕ್ಕಲಿಲ್ಲ. ನೋವುಂಟೆಂಬುದು ಅವನಿಗೆ ಸಿದ್ಧ; ಎಲ್ಲಿ ಎಂಬುದಷ್ಟೇ ಸಾಧ್ಯ.

ಪರೀಕ್ಷೆಯ ಪೌರ್ವಾಪರ್ಯವೂ ಬಾಲರಲ್ಲಿ ವಿಶಿಷ್ಟವಾದುದು. ಪ್ರೌಢನನ್ನು ತಲೆಯಿಂದ ಕಾಲಿನವರೆಗೆ ಕ್ರಮವಾಗಿ ನೋಡಬಹುದು. ಶಿಶುವನ್ನಾದರೋ ಮೊದಲು ದೂರದಿಂದಲೇ, ತಾಯಿಯ ಮಡಿಲಲ್ಲಿರುವಾಗಲೇ ನೋಡತಕ್ಕದ್ದು. ಅದು ಶಾಂತವಾಗಿರುವಾಗ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ ೬೦, ಒಂದು ವರ್ಷದೊಳಗೆ ೫೦, ಐದು ವರ್ಷದೊಳಗೆ ೪೦ ಅಥವಾ ಅದಕ್ಕೆ ಮೇಲ್ಪಟ್ಟರೆ ಅದು ವೇಗದ ಉಸಿರೆಂದು ವಿಶ್ವ ಆರೋಗ್ಯಸಂಸ್ಥೆಯ ನಿಯಮ. ಎದೆಯ ಸದ್ದನ್ನು ಆಲಿಸುವುದು ಅದರ ತರುವಾಯ. ಕಿವಿ ಗಂಟಲುಗಳಂಥ ಹೆದರಿಕೆ ಹುಟ್ಟಿಸುವ ಪರೀಕ್ಷೆಗಳು ಕಟ್ಟಕಡೆಗೆ. ಅತ್ತ ಮೇಲೆ ಎಣಿಸಿದ ಉಸಿರು ರೋಗದ್ದೋ ಭಯದ್ದೋ ತಿಳಿಯದು. ಅಳುವ ಅಥವಾ ಉಣ್ಣದ ಮಗುವನ್ನು ರಾಕ್ಷಸ ಪಿಶಾಚಾದಿಗಳ ಹೆಸರು ಹೇಳಿ ಹೆದರಿಸಕೂಡದೆಂದು ಚರಕನು ಶಾರೀರಸ್ಥಾನದಲ್ಲಿ ವಿಧಿಸಿರುವುದು ಇಲ್ಲಿ ಸ್ಮರಣೀಯ.

ಅಳುವ ಶಿಶುವಿಗಿಂತ ಅಳದ ಶಿಶುವಿನ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಹಾಲು ಕುಡಿಯಲಾರದಿರುವುದು, ಕುಡಿದುದೆಲ್ಲವನ್ನೂ ವಾಂತಿಮಾಡುವುದು, ಸೆಳವು, ಎಬ್ಬಿಸಿದರೂ ಎಚ್ಚರಗೊಳ್ಳದ ಮಂಕು, ಇವು ನಾಲ್ಕು ಅಪಾಯಸೂಚಕಗಳೆಂದು ಅದೇ ಸಂಸ್ಥೆಯು ಎಣಿಸಿದೆ. ಇವುಗಳಲ್ಲಿ ಅಳುವಿನ ಪ್ರಸ್ತಾಪವಿಲ್ಲ. ಹತ್ತು ಮಕ್ಕಳಿರುವ ಕೋಣೆಯಲ್ಲಿ ಗಟ್ಟಿಯಾಗಿ ಕೂಗುವುದು ಎಲ್ಲರ ಗಮನವನ್ನೂ ಸೆಳೆಯುತ್ತದೆ. ಅಳುವ ಶಕ್ತಿಯೂ ಉಡುಗಿದ್ದು ಮೂಲೆಯಲ್ಲಿ ಸುಮ್ಮನಿರುತ್ತದೆ. ಅದನ್ನು ಮೊದಲು ಕಾಣುವುದೇ ಪರಿಚಾರಕನ ದಾಕ್ಷ್ಯ.

ಮಾತು ಬಂದ ಬಳಿಕ ಪ್ರಶ್ನವು ಪ್ರವೇಶಿಸುತ್ತದೆ. ಆದರೆ ನಾಲ್ಕು ವರ್ಷದ ಮಗುವಿಗೆ ನೋವಿನ ತಾರತಮ್ಯವನ್ನು ಹೇಳುವ ಶಬ್ದಗಳಿಲ್ಲ. ಇದಕ್ಕೆಂದು ೧೯೮೩ರಲ್ಲಿ ಅಮೆರಿಕೆಯ ಓಕ್ಲಹಾಮದಲ್ಲಿ ಪರಿಚಾರಿಕೆ ಡೊನ್ನಾ ವಾಂಗ್ ಮತ್ತು ಕಾನ್ನಿ ಬೇಕರ್ ಎಂಬವರು ನಗುವಿನಿಂದ ಕಣ್ಣೀರಿನವರೆಗಿನ ಆರು ಮುಖಚಿತ್ರಗಳನ್ನು ಸಿದ್ಧಪಡಿಸಿದರು. ಮಗು ತನ್ನಂತಿರುವ ಮುಖವನ್ನು ಬೆರಳಿಟ್ಟು ತೋರಿಸುತ್ತದೆ. ಜ್ಞಾಪಕತ್ವವು ಹೀಗೆ ಮೊದಲ ಬಾರಿಗೆ ರೋಗಿಯ ಕೈಗೆ ಬರುತ್ತದೆ.

ಕೌಮಾರದ ಕೊನೆಯಲ್ಲಿ ಈ ಸಮಸ್ಯೆ ತಿರುಗಿ ತಲೆಯೆತ್ತುವುದು ಆಶ್ಚರ್ಯಕರ. ಹದಿನೈದರ ಹುಡುಗನಿಗೋ ಹುಡುಗಿಗೋ ಶಬ್ದಗಳಿವೆ, ಹೇಳುವ ಧೈರ್ಯವಿಲ್ಲ. ಶಿಶುವಿನಲ್ಲಿ ಅಶಕ್ತಿಯಿಂದಾದ ಮೌನವು ಇಲ್ಲಿ ಲಜ್ಜೆಯಿಂದಲೂ ಭಯದಿಂದಲೂ ಆಗುತ್ತದೆ, ಊನವಾಗಿರುವುದು ಅಭೀರುತ್ವ. ಗೋಲ್ಡನ್‌ರಿಂಗ್ ಮತ್ತು ಕೋಹೆನ್ ೧೯೮೮ರಲ್ಲಿ ಪ್ರಕಟಿಸಿದ ಪ್ರಶ್ನಕ್ರಮವು ಮನೆ, ವಿದ್ಯಾಭ್ಯಾಸ, ಚಟುವಟಿಕೆಗಳು, ಮಾದಕದ್ರವ್ಯ, ಲೈಂಗಿಕ ವಿಷಯ, ಆತ್ಮಹತ್ಯೆಯ ಯೋಚನೆ ಎಂದು ಸುಲಭದಿಂದ ಕಠಿನಕ್ಕೆ ಸಾಗುತ್ತದೆ. ತಾಯಿತಂದೆಗಳನ್ನು ಹೊರಗಿರಿಸಿ ಏಕಾಂತದಲ್ಲಿ ಕೇಳುವುದು, ಕೇಳಿದುದನ್ನು ಗುಟ್ಟಾಗಿಡುವುದು, ಪ್ರಾಣಾಪಾಯವಿದ್ದಲ್ಲಿ ಮಾತ್ರ ಗುಟ್ಟು ಉಳಿಯದೆಂದು ಮೊದಲೇ ತಿಳಿಸುವುದು ಇದರ ನಿಯಮಗಳು. ಶಿಶುವಿನ ಪರೀಕ್ಷೆಯಲ್ಲಿ ತಾಯಿಯ ಮಡಿಲು ಹೇಗೆ ಆವಶ್ಯಕವೋ ಇಲ್ಲಿ ಆಕೆಯ ಅಸನ್ನಿಧಿಯು ಹಾಗೆ ಆವಶ್ಯಕ.

ಕನ್ನಡನಾಡಿನಲ್ಲಿ ಈ ಪರೀಕ್ಷೆಯ ಮೊದಲ ಹೊಣೆ ಬಹುಮಟ್ಟಿಗೆ ಅಂಗನವಾಡಿಯ ಕಾರ್ಯಕರ್ತೆಯದೂ ಗ್ರಾಮದ ದಾದಿಯದೂ ಆಗಿದೆ. ೧೯೭೫ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ತೂಕದ ಲೆಕ್ಕವನ್ನು ಹಳ್ಳಿಗೆ ತಂದಿತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ೧೮ ವರ್ಷದವರೆಗಿನವರ ತಪಾಸಣೆಯನ್ನು ಉದ್ದೇಶಿಸಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ ೧೧೫ ಮಿಲಿಮೀಟರಿಗಿಂತ ಕಡಿಮೆಯಾದರೆ ತೀವ್ರವಾದ ಅಪೌಷ್ಟಿಕತೆಯೆಂದು ಒಂದು ಪಟ್ಟಿಯೇ ಹೇಳಿಬಿಡುತ್ತದೆ. ಆದರೆ ಪಟ್ಟಿಗೆ ಸಿಕ್ಕದುದನ್ನು ತಾಯಿಯ ಮಾತು ಹೇಳುತ್ತದೆ. ಆಪ್ತವಾಕ್ಯವಾದ ಆ ಮಾತಿನ ಅರ್ಥನಿರ್ಣಯವು ಭಾಷಾಜ್ಞರಿಗೂ ಸಂಬಂಧಪಟ್ಟ ಕಾರ್ಯ. ಮಗು ರಚ್ಚೆ ಹಿಡಿದಿದೆ ಎಂಬುದೂ ಮಗು ನರಳುತ್ತಿದೆ ಎಂಬುದೂ ಒಂದಲ್ಲ. ಹಾಲು ಕಕ್ಕಿತು ಎಂಬುದೂ ವಾಂತಿಮಾಡಿತು ಎಂಬುದೂ ಒಂದಲ್ಲ. ಸುಮ್ಮನಿದೆ, ಸಪ್ಪಗಿದೆ, ಮಂಕಾಗಿದೆ ಎಂಬ ಮೂರರಲ್ಲಿ ರೋಗದ ಮೂರು ಮೆಟ್ಟಿಲುಗಳಿವೆ. ಇವೆಲ್ಲವನ್ನೂ ದಾಖಲೆಯಲ್ಲಿ “ಮಗು ಅಸ್ವಸ್ಥ” ಎಂಬ ಒಂದೇ ಮಾತಿಗೆ ಇಳಿಸಿದರೆ ತಾಯಿ ಕೊಟ್ಟ ಜ್ಞಾಪಕವು ಕಳೆದುಹೋಗುತ್ತದೆ. ಮಾತೃಭಾಷೆಯ ಈ ಸೂಕ್ಷ್ಮಗಳನ್ನು ಸಂಗ್ರಹಿಸಿ, ಅವುಗಳ ಪ್ರಾದೇಶಿಕ ಭೇದಗಳೊಡನೆ ಅರ್ಥವನ್ನು ನಿಶ್ಚಯಿಸಿ ಪರಿಚಾರಿಕೆಯರ ಪಾಠಪುಸ್ತಕಗಳಿಗೆ ಒದಗಿಸುವುದು ವಿದ್ವಾಂಸರಿಂದ ಆಗಬೇಕಾದ ಕೆಲಸ.