ಕ್ಯಾನ್ಸರ್ ರೋಗಿಯ ನರನೋವು: ಕಾರಣವೇನು, ಉಪಶಮನವೇನು?

ಜೆ.ಪಿ. ನಗರದ ನಿಮ್ಮ ಮನೆಯ ಕರೆಗಂಟೆ, ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಹಗಲಿರುಳು ಹೊಡೆದುಕೊಳ್ಳುತ್ತಿದೆ ಎಂದುಕೊಳ್ಳಿ. ತಂತಿ ಕೆಟ್ಟಿದೆ ಎಂದು ನೀವು ಊಹಿಸುತ್ತೀರಿ. ನರನೋವೂ ಹೀಗೆಯೇ. ಗಾಯವಿಲ್ಲದಿದ್ದರೂ ನರವೇ ತಪ್ಪು ಸುದ್ದಿ ಕಳುಹಿಸುತ್ತದೆ. ಉರಿ, ಜೋಮು, ಸೂಜಿ ಚುಚ್ಚಿದಂತಹ ಅನುಭವ ಇದರ ಲಕ್ಷಣಗಳು. ಕೆಲವರಿಗೆ ಹೊದಿಕೆ ತಗುಲಿದರೂ ನೋವಾಗುತ್ತದೆ.

ಕ್ಯಾನ್ಸರ್ ಗೆಡ್ಡೆ ನರವನ್ನು ಒತ್ತಬಹುದು. ಶಸ್ತ್ರಚಿಕಿತ್ಸೆ ಅಥವಾ ವಿಕಿರಣದಿಂದ ನರಕ್ಕೆ ಪೆಟ್ಟಾಗಬಹುದು. ಔಷಧಿಯೂ ಕಾರಣವಾಗಬಹುದು. ಸೊಂಟದ ಬಳಿಯಿಂದ ಕಾಲ್ಬೆರಳಿನವರೆಗೆ ಸಾಗುವ ನರತಂತು ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅದರೊಳಗಿನ ಸೂಕ್ಷ್ಮ ನಳಿಕೆಗಳ ಮೇಲೆ ಪೋಷಕ ವಸ್ತುಗಳು ಸಾಗುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟೀನ್ ಔಷಧಿಗಳು ಕ್ಯಾನ್ಸರ್ ಕೋಶ ಒಡೆದು ಎರಡಾಗುವುದನ್ನು ತಡೆಯುವುದು ಇಂತಹ ನಳಿಕೆಗಳನ್ನು ಕೆಡಿಸುವ ಮೂಲಕವೇ. ಹೀಗಾಗಿ ನರದ ಸಾಗಣೆಯೂ ಏರುಪೇರಾಗುತ್ತದೆ. ಅತಿ ಉದ್ದದ ನರಗಳಿಗೆ ಮೊದಲು ತೊಂದರೆಯಾಗುವುದರಿಂದ ಪಾದ ಮತ್ತು ಕೈಬೆರಳುಗಳಲ್ಲಿ ಜೋಮು ಆರಂಭವಾಗುತ್ತದೆ. ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಣ್ಣೀರು ಮುಟ್ಟಿದರೂ ಚುಚ್ಚಿದಂತಾಗಬಹುದು.

ನೋವಿನ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗುತ್ತದೆ. ಬೆನ್ನುಹುರಿಯಲ್ಲಿ ಈ ಸುದ್ದಿಯನ್ನು ತಡೆಯುವ 'ದ್ವಾರ'ವಿದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಪ್ರತಿಪಾದಿಸಿದರು. ನೋವಿನ ಸಂಕೇತ ಸತತವಾಗಿ ಬಂದರೆ ಬೆನ್ನುಹುರಿಯೇ ಅತಿಸೂಕ್ಷ್ಮವಾಗುತ್ತದೆ ಎಂಬುದನ್ನು ಕ್ಲಿಫರ್ಡ್ ವುಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಆದ್ದರಿಂದ ನೋವನ್ನು ಬೆಳೆಯಲು ಬಿಡಬಾರದು.

ಸಾಮಾನ್ಯ ನೋವಿನ ಮಾತ್ರೆ ಇಲ್ಲಿ ಹಲವೊಮ್ಮೆ ಸಾಲದು. ಖಿನ್ನತೆಗೆ ಕೊಡುವ ಡ್ಯುಲಾಕ್ಸಟೀನ್, ಅಪಸ್ಮಾರಕ್ಕೆ ಕೊಡುವ ಗ್ಯಾಬಪೆಂಟಿನ್ ಮಾತ್ರೆಗಳನ್ನು ವೈದ್ಯರು ಬರೆದುಕೊಟ್ಟರೆ ಗಾಬರಿಯಾಗಬೇಡಿ. ಇವು ನರಗಳ ಅತಿಯಾದ ಸಂಕೇತವನ್ನು ತಗ್ಗಿಸುವ ಔಷಧಿಗಳು. ಕೀಮೋಥೆರಪಿಯಿಂದ ಬಂದ ನರನೋವಿಗೆ ಡ್ಯುಲಾಕ್ಸಟೀನ್ ಉಪಯುಕ್ತವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತೀವ್ರ ನೋವಿಗೆ ಮಾರ್ಫಿನ್ ಬೇಕಾಗಬಹುದು. ಅದು ರೋಗಿಗಳಿಗೆ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾಯಿತು.

'ಚಿಕಿತ್ಸೆ ನಿಲ್ಲಿಸಿಬಿಟ್ಟಾರು' ಎಂಬ ಭಯದಿಂದ ಎಷ್ಟೋ ರೋಗಿಗಳು ಜೋಮನ್ನು ಹೇಳಿಕೊಳ್ಳುವುದೇ ಇಲ್ಲ. ಇದು ತಪ್ಪು. ಬೇಗ ತಿಳಿಸಿದರೆ ವೈದ್ಯರು ಔಷಧಿಯ ಪ್ರಮಾಣವನ್ನೋ ಅಂತರವನ್ನೋ ಹೊಂದಿಸಬಲ್ಲರು. ಪಾದ ಜೋಮು ಹಿಡಿದಿದ್ದರೆ ಬರಿಗಾಲಿನಲ್ಲಿ ನಡೆಯಬೇಡಿ; ಬಿಸಿನೀರಿನ ಹದವನ್ನು ಮನೆಯವರಿಂದ ನೋಡಿಸಿಕೊಳ್ಳಿ. ಬೆನ್ನುನೋವಿನೊಂದಿಗೆ ಕಾಲು ಸೋತರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆ ನೀಡುತ್ತಿದೆ. ಮಾರತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ನೋವನ್ನು ಹೇಳಿಕೊಳ್ಳುವುದು ದೌರ್ಬಲ್ಯವಲ್ಲ. ಅದು ಚಿಕಿತ್ಸೆಯ ಮೊದಲ ಹೆಜ್ಜೆ.