ಚಂದ್ರಯಾತ್ರಿಕನ ಕವಚ

ಉಡುಪು ದೇಶಕಾಲಗಳನ್ನು ಅನುಸರಿಸಿ ಹುಟ್ಟುವುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಗಳಲ್ಲಿ ಬಿಸಿಲಿಗೆ ಅಡಕೆಯ ಹಾಳೆಯ ಮುಟ್ಟಾಳೆಯೂ ನೇಜಿ ನೆಡುವ ಕಾಲದ ಮಳೆಗೆ ಬಿದಿರುಸೀಳಿನ ಗೊರಬೂ ರೂಢಿಗೆ ಬಂದುದು ಈ ನ್ಯಾಯದಿಂದಲೇ. ಗೊರಬು ಬೆನ್ನಿಗೆ ಮರೆಯಾಗುವುದು, ಕೈಗಳನ್ನು ಕಟ್ಟಿಹಾಕದು. ರಕ್ಷಣೆ, ಚಲನೆ ಎಂಬ ಈ ಎರಡನ್ನೂ ಒಂದುಗೂಡಿಸುವುದೇ ಚಂದ್ರಲೋಕದ ಉಡುಪಿನಲ್ಲಿಯೂ ಮುಖ್ಯ ಸಮಸ್ಯೆಯಾಯಿತು.

ಚಂದ್ರನಲ್ಲಿ ಉಸಿರಾಡಲು ವಾಯುವಿಲ್ಲ. ದೇಹವನ್ನು ಒತ್ತಿ ಹಿಡಿಯುವ ವಾಯುಭಾರವೂ ಇಲ್ಲ. ಕಾವ್ಯಗಳ ಕವಚವು ಹೊರಗಿನ ಶಸ್ತ್ರವನ್ನು ತಡೆಯುವುದು; ಈ ಕವಚವಾದರೋ ಒಳಗಿನ ಉಸಿರನ್ನೂ ಹಿಡಿದಿಡಬೇಕು. ಆದರೆ ಆಮ್ಲಜನಕವನ್ನು ತುಂಬಿದೊಡನೆ ಉಡುಪು ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಬಿರುಸಾಗಿ, ಮೊಳಕೈ ಮಡಿಸುವುದೂ ದುಸ್ತರವಾಗುವುದು. 1965ರ ಮಾರ್ಚ್ 18ರಂದು ನೌಕೆಯಿಂದ ಹೊರಬಂದ ರಷ್ಯದ ಅಲೆಕ್ಸಿ ಲಿಯೊನೊವನು, ಉಬ್ಬಿದ ಉಡುಪಿನ ಒತ್ತಡವನ್ನು ತಾನೇ ತಗ್ಗಿಸಿಕೊಂಡು ಬಹು ಕಷ್ಟದಿಂದ ಒಳಸೇರಬೇಕಾಯಿತು.

ಅಪೊಲೊ ಯಾತ್ರೆಗಳ ಉಡುಪನ್ನು ನಿರ್ಮಿಸಿದವರು ಅಮೆರಿಕದ ಡೋವರ್ ನಗರದ ಇಂಟರ್‌ನ್ಯಾಷನಲ್ ಲೇಟೆಕ್ಸ್ ಸಂಸ್ಥೆಯವರು. ಸ್ತ್ರೀಯರ ಒಳಉಡುಪುಗಳಿಗೆ ಹೆಸರಾಗಿದ್ದ ಇವರಿಗೆ, ಬಿಗಿಯಾಗಿಯೂ ಬಳುಕುವಂತೆಯೂ ಹೊಲಿಯುವ ಮರ್ಮವು ತಿಳಿದಿತ್ತು. ಭೂಮಿಯ ವಾಯುಭಾರದ ಸುಮಾರು ನಾಲ್ಕನೆಯ ಒಂದಂಶದ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ತುಂಬಿದುದರಿಂದ ಬಿರುಸು ಎಷ್ಟೋ ಕಡಮೆಯಾಯಿತು. ಸಂಧಿಗಳಲ್ಲಿ ತಿದಿಯ ಮಡಿಕೆಗಳಂತಹ ರಬ್ಬರಿನ ನೆರಿಗೆಗಳನ್ನಿಟ್ಟರು. ಮೊಳಕೈ ಬಾಗಿದಾಗ ಒಂದು ಮಗ್ಗುಲು ಕುಗ್ಗಿ ಇನ್ನೊಂದು ಹಿಗ್ಗುವುದರಿಂದ ಒಳಗಿನ ಅವಕಾಶವು ಹೆಚ್ಚು ವ್ಯತ್ಯಾಸಗೊಳ್ಳದು. ಆದುದರಿಂದ ಬಾಗಿಸುವ ಶ್ರಮವೂ ಅಲ್ಪವಾಗುವುದು. ಈ ನೆರಿಗೆಗಳು ಉದ್ದಕ್ಕೆ ಜಗ್ಗದಂತೆ ಎರಡು ಬದಿಗಳಲ್ಲಿಯೂ ತಂತಿಯ ಎಳೆಗಳನ್ನು ಕಟ್ಟಿದರು.

ಮೈಗೆ ತಗಲುವ ಅಂಗಿಯಲ್ಲಿ ತಣ್ಣೀರು ಹರಿಯುವ ಸೂಕ್ಷ್ಮ ನಾಳಗಳಿದ್ದುವು. ತಾಪವನ್ನು ತಡೆಯಲು ಅಲ್ಯುಮಿನಿಯಂ ಲೇಪಿಸಿದ ತೆಳುಹಾಳೆಗಳನ್ನು ಒಂದರ ಮೇಲೊಂದಾಗಿ ಪೇರಿಸಿದ್ದರು. 1967ರ ಜನವರಿಯಲ್ಲಿ ಮೂವರು ಯಾತ್ರಿಕರು ನೆಲದ ಮೇಲಣ ಪರೀಕ್ಷೆಯಲ್ಲಿಯೇ ಬೆಂಕಿಗೆ ಆಹುತಿಯಾದ ತರುವಾಯ, ಹೊರಪದರಕ್ಕೆ ಉರಿ ಹತ್ತದ ಗಾಜಿನ ನೂಲಿನ ಬಟ್ಟೆಯನ್ನು ಆರಿಸಿಕೊಂಡರು. ಬೆನ್ನಿನ ಪೆಟ್ಟಿಗೆಯು ಆಮ್ಲಜನಕವನ್ನು ಒದಗಿಸಿ, ನಿಶ್ವಾಸದ ಅಂಗಾರಾಮ್ಲವನ್ನು ಹೀರುತ್ತಿದ್ದಿತು. ಪೆಟ್ಟಿಗೆಯೂ ಸೇರಿ ಇಲ್ಲಿ ಸುಮಾರು 80 ಕಿಲೋಗ್ರಾಂ ತೂಗುವ ಈ ಉಡುಪು ಚಂದ್ರನಲ್ಲಿ ಅದರ ಆರನೆಯ ಒಂದಂಶ ಮಾತ್ರ ತೂಗುವುದು.

ಇಷ್ಟನ್ನೂ ಒಂದುಗೂಡಿಸಿದುದು ಹೊಲಿಗೆ. ಹೊಲಿಗೆಯಂತ್ರದ ಮುಂದೆ ಕುಳಿತ ಸ್ತ್ರೀಯರು ಪದರ ಪದರವನ್ನೂ ಹೊಲಿದರು. ಗೆರೆ ತಪ್ಪಿದ ಒಂದು ಹೊಲಿಗೆಯೂ ಪ್ರಾಣಾಪಾಯಕ್ಕೆ ಕಾರಣವಾಗಬಹುದಾಗಿದ್ದಿತು. 1969ರ ಜುಲೈಯಿಂದ 1972ರ ಡಿಸೆಂಬರಿನವರೆಗೆ ಹನ್ನೆರಡು ಮಂದಿ ಚಂದ್ರನ ಮೇಲೆ ನಡೆದರು. ಅಲ್ಲಿನ ಹರಿತವಾದ ಧೂಳು ಉಡುಪನ್ನು ಸವೆಯಿಸಿತಾದರೂ, ಅದರ ದೋಷದಿಂದ ಅವರಲ್ಲಿ ಒಬ್ಬನೂ ಪ್ರಾಣ ಕಳೆದುಕೊಳ್ಳಲಿಲ್ಲ.