ವೇಗದೋಣಿಯ ಎಂಜಿನಿಗೆ ತಕ್ಕ ಕೀಲೆಣ್ಣೆ

ಯಂತ್ರವು ಎಷ್ಟೇ ಬಲಶಾಲಿಯಾಗಿದ್ದರೂ ಅದರ ಆಯುಷ್ಯವು ಕೂದಲೆಳೆಗಿಂತ ತೆಳುವಾದ ಒಂದು ಎಣ್ಣೆಯ ಪದರವನ್ನು ಅವಲಂಬಿಸಿದೆ. ಈ ಸಂಗತಿಯನ್ನು ಸಂಡೂರಿನ ಜನತೆಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಬ್ಬಿಣದ ಅದಿರನ್ನು ಹೊತ್ತು ಬೆಟ್ಟದ ದಾರಿಗಳನ್ನು ಇಳಿಯುವ ಲಾರಿಗಳೂ, ಅವುಗಳನ್ನು ದುರಸ್ತಿ ಮಾಡುವ ಕುಶಲಕರ್ಮಿಗಳೂ ಈ ನಾಡಿನ ನಿತ್ಯ ಜೀವನದ ಅಂಗವಾಗಿದ್ದಾರೆ. ಲಾರಿಗೆ ಯಾವ ಎಣ್ಣೆ, ಪಂಪುಸೆಟ್ಟಿಗೆ ಯಾವ ಎಣ್ಣೆ ಎಂದು ಕೇಳಿದರೆ ಸಂಡೂರು, ಹೊಸಪೇಟೆ, ಕಂಪ್ಲಿಗಳ ಯಾವ ಗ್ಯಾರೇಜಿನಲ್ಲಿಯೂ ಉತ್ತರ ದೊರೆಯುವುದು. ಆದರೆ ನೀರಿನ ಮೇಲೆ ಓಡುವ ಎಂಜಿನಿನ ಪ್ರಶ್ನೆ ಬಂದಾಗ, ಲಾರಿಯ ಅನುಭವವನ್ನೇ ದೋಣಿಗೂ ಅನ್ವಯಿಸುವ ಪ್ರವೃತ್ತಿ ಸಹಜವಾಗಿ ತಲೆದೋರುತ್ತದೆ. ಅದು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ತುಂಗಭದ್ರೆಯನ್ನು ದಾಟಲು ಈ ಪ್ರದೇಶದಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವುದು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಜನರನ್ನು ಸಾಗಿಸುತ್ತಿದ್ದ ಬುಟ್ಟಿಯಂತಹ ದುಂಡನೆಯ, ಚರ್ಮ ಹೊದಿಸಿದ ದೋಣಿಗಳನ್ನು ವರ್ಣಿಸಿದ್ದಾನೆ. ಹರಿಗೋಲಿಗೆ ಕೀಲೆಣ್ಣೆಯ ಹಂಗಿಲ್ಲ. ಆದರೆ ಹೊಳೆ ತುಂಬಿ ಬಂದಾಗ ಹರಿಗೋಲು ದಡ ಸೇರುತ್ತದೆ. ಆಗ ಪ್ರವಾಹಕ್ಕೆ ಎದುರಾಗಿ ಹೋಗಬಲ್ಲುದು ಹಿಂಬದಿಗೆ ಎಂಜಿನ್ ಕಟ್ಟಿದ ವೇಗದೋಣಿಯೊಂದೇ. 2019ರ ಆಗಸ್ಟ್ ತಿಂಗಳಿನಲ್ಲಿ ಜಲಾಶಯದಿಂದ ಅಪಾರ ಪ್ರಮಾಣದ ನೀರನ್ನು ಹೊರಬಿಟ್ಟಾಗ, ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಲುಕಿಕೊಂಡರು. ಅವರನ್ನು ಪಾರುಮಾಡಲು ರಕ್ಷಣಾ ದೋಣಿಗಳೂ ಹೆಲಿಕಾಪ್ಟರುಗಳೂ ಬರಬೇಕಾಯಿತು. ಆ ಕಾರ್ಯದಲ್ಲಿ ದೋಣಿಯೊಂದು ಮಗುಚಿ, ರಕ್ಷಿಸಲು ಹೋದವರನ್ನೇ ರಕ್ಷಿಸಬೇಕಾದ ಪ್ರಸಂಗವೂ ಒದಗಿತು. ಅಂತಹ ಸೆಳವಿನ ನಡುವೆ ಎಂಜಿನ್ ಒಂದು ನಿಮಿಷ ನಿಂತರೂ ಪರಿಣಾಮವೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ರಕ್ಷಣಾ ದೋಣಿಯ ಎಂಜಿನಾದರೋ ವರ್ಷದ ಬಹುಭಾಗ ಸುಮ್ಮನೆ ಬಿದ್ದಿದ್ದು, ಕರೆ ಬಂದ ದಿನ ಪೂರ್ಣ ಶಕ್ತಿಯಿಂದ ದುಡಿಯಬೇಕು. ಎಣ್ಣೆಯ ಆಯ್ಕೆಯ ಮಹತ್ವವು ಇಲ್ಲಿಯೇ ಅಡಗಿದೆ.

ಎಣ್ಣೆ ಮಾಡುವ ಕೆಲಸ

ಲೋಹವು ಲೋಹಕ್ಕೆ ತಾಗಿ ಉಜ್ಜಿದರೆ ಘರ್ಷಣೆಯೂ, ಘರ್ಷಣೆಯಿಂದ ಶಾಖವೂ, ಶಾಖದಿಂದ ಸವೆತವೂ ಉಂಟಾಗುವುವು. ಎಣ್ಣೆಯು ಇವೆರಡರ ನಡುವೆ ನುಸುಳಿ ಅವು ಪರಸ್ಪರ ತಾಗದಂತೆ ತಡೆಯುತ್ತದೆ. 1883ರಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು ಅದರಲ್ಲಿ ಭಾರಿ ಒತ್ತಡವನ್ನು ಹುಟ್ಟಿಸುವುದನ್ನು ಕಂಡನು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ನಿರೂಪಿಸಿದನು. ಅಚ್ಚು ಎಣ್ಣೆಯ ಬೆಣೆಯ ಮೇಲೆ ತೇಲುತ್ತದೆ ಎಂಬುದೇ ಅದರ ಸಾರ. ಆ ಬೆಣೆ ನಿಲ್ಲಬೇಕಾದರೆ ಎಣ್ಣೆಗೆ ತಕ್ಕಷ್ಟು ಸ್ನಿಗ್ಧತೆ, ಎಂದರೆ ಹರಿಯುವುದಕ್ಕೆ ತೋರುವ ಪ್ರತಿರೋಧ, ಇರಬೇಕು. ತೀರ ತೆಳುವಾದರೆ ಪದರ ಹರಿಯುತ್ತದೆ. ತೀರ ಮಂದವಾದರೆ ಎಣ್ಣೆ ಸಂದುಗೊಂದುಗಳಿಗೆ ಸಕಾಲದಲ್ಲಿ ತಲುಪದು.

ಇದಲ್ಲದೆ ಎಣ್ಣೆಯು ಶಾಖವನ್ನು ಸಾಗಿಸುತ್ತದೆ, ಮಸಿಯನ್ನು ತೊಳೆಯುತ್ತದೆ, ತುಕ್ಕನ್ನು ತಡೆಯುತ್ತದೆ, ಪಿಸ್ಟನ್ ಬಳೆಗಳ ಸಂದನ್ನು ಮುಚ್ಚುತ್ತದೆ. ಈ ಕಾರ್ಯಗಳಲ್ಲಿ ಯಾವುದಕ್ಕೆ ಹೆಚ್ಚಿನ ಮಹತ್ವ ಎಂಬುದು ಎಂಜಿನಿನ ಕೆಲಸದ ಸ್ವರೂಪವನ್ನು ಅವಲಂಬಿಸಿದೆ.

ಲಾರಿಗೂ ದೋಣಿಗೂ ಇರುವ ಭೇದ

ಲಾರಿಗೆ ಏರು ಇದ್ದಂತೆ ಇಳಿಜಾರೂ ಉಂಟು. ಇಳಿಯುವಾಗ ಅದರ ಎಂಜಿನ್ ವಿಶ್ರಮಿಸುತ್ತದೆ. ನೀರಿನ ಮೇಲೆ ಇಳಿಜಾರೆಂಬುದಿಲ್ಲ. ದೋಣಿಯ ಪ್ರೊಪೆಲ್ಲರು ನೀರನ್ನು ಎಡೆಬಿಡದೆ ತಳ್ಳುತ್ತಲೇ ಇರಬೇಕು. ಅದು ಬೇಡುವ ಶಕ್ತಿಯು ಸುತ್ತುವ ವೇಗದ ಘನಕ್ಕೆ ಸರಿಸುಮಾರಾಗಿ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟು. ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನುಗಳು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 5,000ದಿಂದ 6,000 ಸುತ್ತು ಸುತ್ತುತ್ತವೆ. ಲಾರಿಯ ಡೀಸೆಲ್ ಎಂಜಿನಿಗೆ ಇದರ ಅರ್ಧದಷ್ಟೂ ವೇಗವಿರುವುದಿಲ್ಲ. ಆದುದರಿಂದ ದೋಣಿಯ ಎಂಜಿನಿನ ಎಣ್ಣೆಯು ದೀರ್ಘಕಾಲದ ಕಡೆತಕ್ಕೆ ಸಿಕ್ಕಿ ತೆಳುವಾಗಬಾರದು, ನೊರೆಗಟ್ಟಲೂ ಬಾರದು.

ಎರಡನೆಯ ಭೇದವು ನೀರಿನದು. ಔಟ್‌ಬೋರ್ಡ್ ಎಂಜಿನ್ ಹೊಳೆಯ ನೀರನ್ನೇ ಹೀರಿ ತನ್ನನ್ನು ತಂಪುಮಾಡಿಕೊಳ್ಳುತ್ತದೆ. ಅದು ಲಾರಿಯ ಎಂಜಿನಿಗಿಂತ ತಣ್ಣಗೆ ಓಡುವುದರಿಂದ, ಉರಿಯದೆ ಉಳಿದ ಪೆಟ್ರೋಲೂ ತೇವಾಂಶವೂ ಎಣ್ಣೆಗೆ ಇಳಿಯುತ್ತವೆ. ಅವು ಆವಿಯಾಗಿ ಹೋಗುವಷ್ಟು ಶಾಖ ಎಣ್ಣೆಗೆ ಏರುವುದಿಲ್ಲ. ಮೂರನೆಯದು ವಿರಾಮದ ಕಾಲ. ನಿತ್ಯ ಓಡುವ ಲಾರಿಯ ಒಳಭಾಗಕ್ಕೆ ತುಕ್ಕು ಹಿಡಿಯಲು ಅವಕಾಶವಿಲ್ಲ. ತಿಂಗಳುಗಟ್ಟಲೆ ನಿಂತ ದೋಣಿಯ ಎಂಜಿನಿನಲ್ಲಾದರೋ ಹಗಲಿನ ಶಾಖ, ಇರುಳಿನ ತಂಪುಗಳಿಂದ ಹನಿಗಟ್ಟಿದ ತೇವವು ಲೋಹವನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ.

ಡಬ್ಬಿಯ ಮೇಲಿನ ಬರಹ

ಎಣ್ಣೆಯ ಡಬ್ಬಿಯ ಮೇಲೆ ಮೂರು ಬಗೆಯ ಸಂಕೇತಗಳನ್ನು ಓದಬೇಕು. ಮೊದಲನೆಯದು ಸ್ನಿಗ್ಧತೆಯ ದರ್ಜೆ. 10ಡಬ್ಲ್ಯು-30 ಎಂಬಲ್ಲಿ ‘ಡಬ್ಲ್ಯು’ ಎಂಬುದು ಚಳಿಗಾಲದ ಸಂಕೇತ. ಮೊದಲ ಸಂಖ್ಯೆ ಚಳಿಯಲ್ಲಿಯ ವರ್ತನೆಯನ್ನೂ, ಎರಡನೆಯದು ಬಿಸಿಯಲ್ಲಿಯ ಸ್ನಿಗ್ಧತೆಯನ್ನೂ ಸೂಚಿಸುವುವು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ದರ್ಜೆಯ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್‌ವರೆಗೂ, 40ರ ದರ್ಜೆಯದು 12.5ರಿಂದ 16.3ರವರೆಗೂ ಇರಬೇಕೆಂದು ನಿಯಮ.

ಎರಡನೆಯದು ಸೇವೆಯ ವರ್ಗ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಪದ್ಧತಿಯಂತೆ ‘ಎಸ್’ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನಿಗೆ, ‘ಸಿ’ ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಎಂಜಿನಿಗೆ.

ಮೂರನೆಯದು ದೋಣಿಗಳಿಗೆ ಮೀಸಲಾದ ಗುರುತು. ಅಮೆರಿಕದ ದೋಣಿ ತಯಾರಕರ ಸಂಘವು ನಾಲ್ಕು ಹೊಡೆತದ ಎಂಜಿನುಗಳಿಗೆ ಎಫ್.ಸಿ.-ಡಬ್ಲ್ಯು ಎಂಬ ಗುರುತನ್ನೂ, ಎರಡು ಹೊಡೆತದವುಗಳಿಗೆ ಟಿ.ಸಿ.-ಡಬ್ಲ್ಯು 3 ಎಂಬ ಗುರುತನ್ನೂ ನೀಡುತ್ತದೆ. ಇಲ್ಲಿಯ ‘ಡಬ್ಲ್ಯು’ ಚಳಿಗಾಲವನ್ನಲ್ಲ, ನೀರಿನಿಂದ ತಂಪಾಗುವ ಎಂಜಿನನ್ನು ಸೂಚಿಸುತ್ತದೆ. ಮೊದಲನೆಯ ಗುರುತನ್ನು ಪಡೆಯಲು ಎಣ್ಣೆಯು ತುಕ್ಕಿನ ಪರೀಕ್ಷೆ, ನೀರು ಬೆರೆತಾಗ ಶೋಧಕವು ಕಟ್ಟಿಕೊಳ್ಳದಿರುವ ಪರೀಕ್ಷೆ, ನೊರೆಯ ಪರೀಕ್ಷೆ ಇವುಗಳಲ್ಲಿ ತೇರ್ಗಡೆಯಾಗಬೇಕು. ಲಾರಿಯ ಎಣ್ಣೆ ಎಷ್ಟೇ ಉತ್ತಮವಾಗಿದ್ದರೂ ಈ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿದೆಯೆಂದು ಹೇಳಲಾಗದು.

ಎರಡು ಹೊಡೆತದ ಎಂಜಿನಿನಲ್ಲಿ ಎಣ್ಣೆಯು ಪೆಟ್ರೋಲಿನೊಡನೆ ಬೆರೆತು ಉರಿದುಹೋಗುತ್ತದೆ. ಲಾರಿಯ ಎಣ್ಣೆಯಲ್ಲಿರುವ ಲೋಹಯುಕ್ತ ಶುದ್ಧಿಕಾರಕಗಳು ಅಲ್ಲಿ ಬೂದಿಯಾಗಿ ಪಿಸ್ಟನ್ನಿನ ತಲೆಯ ಮೇಲೂ ಸ್ಪಾರ್ಕ್ ಪ್ಲಗ್ಗಿನ ಮೇಲೂ ಕೂರುವುವು. ದೋಣಿಗೆ ಬೇಕಾದುದು ಬೂದಿಯುಳಿಸದ ಎಣ್ಣೆ. ಗಾಳಿಯಿಂದ ತಂಪಾಗುವ ಹಳೆಯ ಸ್ಕೂಟರುಗಳಿಗೆಂದು ಮಾರುವ ಎಣ್ಣೆಯೂ ಇದಕ್ಕೆ ಬದಲಿಯಾಗಲಾರದು. ಪ್ರಮಾಣದಲ್ಲಿಯೂ ಎಚ್ಚರ ಬೇಕು. 50ಕ್ಕೆ 1 ಎಂದು ಕೈಪಿಡಿ ವಿಧಿಸಿದ್ದರೆ 25 ಲೀಟರು ಪೆಟ್ರೋಲಿಗೆ ಅರ್ಧ ಲೀಟರು ಎಣ್ಣೆ. ಹೆಚ್ಚಾದರೆ ಹೊಗೆ ಮತ್ತು ಮಸಿ, ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯ.

ಸಂಶ್ಲೇಷಿತ ತೈಲವೆಂದರೇನು?

ನೆಲದಿಂದ ತೆಗೆದ ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆದ ಖನಿಜ ತೈಲದಲ್ಲಿ ನಾನಾ ಗಾತ್ರದ, ನಾನಾ ಆಕಾರದ ಅಣುಗಳು ಬೆರೆತಿರುತ್ತವೆ. ಅಗಸೆಯಲ್ಲಿ ಒಟ್ಟುಗೂಡಿಸಿದ ಬಗೆಬಗೆಯ ಕಲ್ಲುಗಳಂತೆ ಅದರ ರಚನೆ. ಸಂಶ್ಲೇಷಿತ ತೈಲವಾದರೋ ಒಂದೇ ಅಚ್ಚಿನ ಇಟ್ಟಿಗೆಗಳಂತೆ ಅಣುಗಳನ್ನು ರಾಸಾಯನಿಕವಾಗಿ ಕಟ್ಟಿ ಪಡೆದುದು. ಪಾಲಿಆಲ್ಫಾಓಲಿಫಿನ್ ಮತ್ತು ಎಸ್ಟರುಗಳು ಈ ವರ್ಗದವು. ಖನಿಜ ತೈಲವನ್ನೇ ಹೈಡ್ರೋಜನ್ನಿನಿಂದ ತೀವ್ರವಾಗಿ ಸಂಸ್ಕರಿಸಿ ಪಡೆದ ತೈಲವನ್ನೂ ಇದೇ ಹೆಸರಿನಿಂದ ಮಾರಬಹುದೆಂದು 1999ರಲ್ಲಿ ಅಮೆರಿಕದ ಜಾಹೀರಾತು ತಪಾಸಣಾ ವಿಭಾಗವು ಅಭಿಪ್ರಾಯಪಟ್ಟ ಮೇಲೆ, ‘ಸಂಶ್ಲೇಷಿತ’ ಎಂಬ ಒಂದೇ ಮಾತು ಹಲವು ಬಗೆಯ ತೈಲಗಳಿಗೆ ಹೊದಿಕೆಯಾಯಿತು. ಆದುದರಿಂದ ಆ ಮಾತೊಂದನ್ನೇ ನಂಬಿ ಹಣ ತೆರುವುದು ವಿವೇಕವಲ್ಲ.

ಸಂಶ್ಲೇಷಿತ ತೈಲದ ಗುಣಗಳು ಮುಖ್ಯವಾಗಿ ಮೂರು: ತೀವ್ರ ಚಳಿಯಲ್ಲಿ ಗಟ್ಟಿಯಾಗದೆ ಹರಿಯುವುದು, ಅತಿ ಶಾಖದಲ್ಲಿ ಬೇಗನೆ ಕೆಡದಿರುವುದು, ಆವಿಯಾಗಿ ನಷ್ಟವಾಗದಿರುವುದು. ಇವುಗಳಲ್ಲಿ ಮೊದಲನೆಯದು ಹಿಮದ ದೇಶಗಳವರಿಗೆ ವರದಾನ. ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುವ ಹೊಸಪೇಟೆಯ ಸೀಮೆಯಲ್ಲಿ ಅದರಿಂದ ಪ್ರಯೋಜನ ಅಲ್ಪ. ಉಳಿದೆರಡು ಗುಣಗಳಾದರೋ ಪೂರ್ಣ ವೇಗದಲ್ಲಿ ದುಡಿಯುವ ಎಂಜಿನಿಗೆ ನಿಜವಾಗಿ ಉಪಕಾರಿ. ನೆರೆಯ ಕೆಸರುನೀರು ತಂಪಿನ ನಾಳಗಳಿಗೆ ಅಡಚಣೆಯೊಡ್ಡಿ ಎಂಜಿನ್ ಮಿತಿಮೀರಿ ಕಾದಾಗ, ಉತ್ತಮ ಸಂಶ್ಲೇಷಿತ ತೈಲವು ಕೆಲವು ಅಮೂಲ್ಯ ನಿಮಿಷಗಳನ್ನು ದೊರಕಿಸಿಕೊಡಬಹುದು. ಆದರೆ ಅದು ಕಟ್ಟಿದ ನಾಳವನ್ನು ತೆರೆಯಲಾರದು, ಎಣ್ಣೆಗೆ ಇಳಿದ ನೀರನ್ನೂ ಪೆಟ್ರೋಲನ್ನೂ ಹೊರಹಾಕಲಾರದು.

ಆಯ್ಕೆಯ ಕ್ರಮ

ಹೀಗಿರಲು ಆಯ್ಕೆಯ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊದಲು ಎಂಜಿನ್ ಎರಡು ಹೊಡೆತದ್ದೋ ನಾಲ್ಕು ಹೊಡೆತದ್ದೋ ಎಂಬುದನ್ನು ತಿಳಿಯಬೇಕು. ಇಂಧನವನ್ನು ನೇರವಾಗಿ ಸಿಂಪಡಿಸುವ ಎರಡು ಹೊಡೆತದ ಎಂಜಿನುಗಳಿಗೆ ತಯಾರಕರು ಹೇಳಿದ ವಿಶೇಷ ಎಣ್ಣೆಯೇ ಬೇಕಾಗಬಹುದು. ತರುವಾಯ ತಯಾರಕರ ಕೈಪಿಡಿಯಲ್ಲಿ ವಿಧಿಸಿರುವ ಸ್ನಿಗ್ಧತೆಯ ದರ್ಜೆಯನ್ನು ನೋಡಬೇಕು. ‘ಮಂದವಾದ ಎಣ್ಣೆ ಹೆಚ್ಚು ರಕ್ಷಣೆ’ ಎಂಬುದು ಕೇವಲ ಭ್ರಮೆ. ಬಳಿಕ ದೋಣಿಯ ಗುರುತು ಇದೆಯೇ ಎಂದು ಪರಿಶೀಲಿಸಬೇಕು. ಇವು ಮೂರೂ ಸರಿಯಾದ ಮೇಲೆಯೇ ಖನಿಜ ತೈಲವೋ ಸಂಶ್ಲೇಷಿತವೋ ಎಂಬ ಪ್ರಶ್ನೆ. ಗುರುತಿಲ್ಲದ ದುಬಾರಿ ಸಂಶ್ಲೇಷಿತ ತೈಲಕ್ಕಿಂತ ಗುರುತುಳ್ಳ ಸಾಧಾರಣ ಖನಿಜ ತೈಲವೇ ದೋಣಿಗೆ ಮೇಲು.

ಆಯ್ಕೆಯಷ್ಟೇ ಮುಖ್ಯವಾದುದು ಬದಲಾವಣೆ. ನಾಲ್ಕು ಹೊಡೆತದ ಔಟ್‌ಬೋರ್ಡ್ ಎಂಜಿನುಗಳಲ್ಲಿ ಸಾಮಾನ್ಯವಾಗಿ 100 ತಾಸುಗಳ ಓಟಕ್ಕೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಎಣ್ಣೆಯನ್ನು ಬದಲಿಸಬೇಕೆಂದು ಕೈಪಿಡಿಗಳು ವಿಧಿಸುತ್ತವೆ. ರಕ್ಷಣಾ ದೋಣಿಯು ವರ್ಷಕ್ಕೆ ಹತ್ತು ತಾಸು ಮಾತ್ರ ಓಡಿದ್ದರೂ ಈ ವಾರ್ಷಿಕ ನಿಯಮ ಅದಕ್ಕೆ ತಪ್ಪಿದ್ದಲ್ಲ. ಮುಂಗಾರಿಗೆ ಮುಂಚೆ, ಮೇ ತಿಂಗಳಿನಲ್ಲಿ ಈ ಕಾರ್ಯ ಮುಗಿದಿರಬೇಕು. ಕಡ್ಡಿಯನ್ನು ಎತ್ತಿ ನೋಡಿದಾಗ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೂ, ಮಟ್ಟ ತಾನಾಗಿಯೇ ಏರಿದ್ದು ಪೆಟ್ರೋಲಿನ ವಾಸನೆ ಬಂದರೆ ಇಂಧನ ಇಳಿದಿದೆಯೆಂದೂ ಅರಿಯಬೇಕು. ಪ್ರೊಪೆಲ್ಲರಿನ ಬಳಿಯ ಗೇರು ಪೆಟ್ಟಿಗೆಯ ಎಣ್ಣೆಯನ್ನೂ ಇದೇ ರೀತಿ ಪರೀಕ್ಷಿಸಬೇಕು. ಇಂಧನದ ತೊಟ್ಟಿಯಲ್ಲಿ ಹಳೆಯ ಪೆಟ್ರೋಲನ್ನು ಉಳಿಸಬಾರದು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಮಿತಿಮೀರಿದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ.

ಹೊಳೆಗೆ ಸಲ್ಲಬೇಕಾದ ಎಚ್ಚರ

ತೆಗೆದ ಹಳೆಯ ಎಣ್ಣೆ ಎಲ್ಲಿಗೆ ಹೋಗಬೇಕು ಎಂಬುದು ಕೊನೆಯ, ಆದರೆ ಕಿರಿದಲ್ಲದ ಪ್ರಶ್ನೆ. ತುಂಗಭದ್ರೆಯು ಊರುಗಳಿಗೆ ಕುಡಿಯುವ ನೀರು, ಗದ್ದೆಗಳಿಗೆ ಜೀವಜಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಹರಿವನ್ನು ಕರ್ನಾಟಕ ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಿದೆ. ಎಣ್ಣೆ ತಾಗಿದ ತುಪ್ಪಳವು ನೀರುನಾಯಿಗೆ ಬೆಚ್ಚನೆಯ ರಕ್ಷಣೆ ನೀಡದು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಂತೆ ಬಳಸಿದ ಎಣ್ಣೆಯನ್ನು ಅಧಿಕೃತ ಮರುಸಂಸ್ಕರಣಕಾರರಿಗೇ ಒಪ್ಪಿಸಬೇಕು. ನೆಲಕ್ಕೂ ನೀರಿಗೂ ಚೆಲ್ಲುವಂತಿಲ್ಲ. ಕೊಂಚ ಎಣ್ಣೆಯನ್ನು ಉರಿಯದೆಯೇ ನೀರಿಗೆ ಬಿಡುವ ಹಳೆಯ ಎರಡು ಹೊಡೆತದ ಎಂಜಿನಿಗಿಂತ ನಾಲ್ಕು ಹೊಡೆತದ ಎಂಜಿನ್ ಈ ದೃಷ್ಟಿಯಿಂದಲೂ ಯೋಗ್ಯವಾದುದು.

ಕೀಲೆಣ್ಣೆಯ ವಿಷಯವು ಶಾಲೆಯ ಪ್ರಯೋಗಶಾಲೆಗೂ ದೂರವಾದುದಲ್ಲ. ಎರಡು ಎತ್ತರದ ಗಾಜಿನ ಕೊಳವೆಗಳಲ್ಲಿ ಒಂದೇ ಎಣ್ಣೆಯನ್ನು ತುಂಬಿ, ಒಂದನ್ನು ಬಿಸಿನೀರಿನಲ್ಲಿರಿಸಿ, ಎರಡರಲ್ಲಿಯೂ ಒಂದೊಂದು ಉಕ್ಕಿನ ಗುಂಡನ್ನು ಬಿಟ್ಟರೆ, ಬಿಸಿ ಎಣ್ಣೆಯಲ್ಲಿ ಗುಂಡು ಬೇಗನೆ ತಳ ಸೇರುವುದನ್ನು ಬಾಲಕರು ಕಣ್ಣಾರೆ ಕಾಣಬಲ್ಲರು. ಈ ಪಾಠವನ್ನು ಕಲಿತ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಗ್ಯಾರೇಜುಗಳಲ್ಲಿ, ಗಣಿಗಳಲ್ಲಿ, ಅಗ್ನಿಶಾಮಕ ದಳಗಳಲ್ಲಿ ದುಡಿಯುವರು. ಹೊಳೆ ಉಕ್ಕಿ ಬಂದ ದಿನ ದೋಣಿಯ ಎಂಜಿನ್ ಮೊದಲ ಎಳೆತಕ್ಕೇ ಹತ್ತಿಕೊಂಡು, ದಡ ಸೇರುವವರೆಗೆ ನಿಲ್ಲದೆ ಓಡಿದರೆ, ಅದರ ಶ್ರೇಯಸ್ಸು ಬಹುಪಾಲು ಮೇ ತಿಂಗಳಿನ ಒಂದು ಮಧ್ಯಾಹ್ನ ಕೈಪಿಡಿಯನ್ನು ಓದಿ, ತಕ್ಕ ಎಣ್ಣೆಯನ್ನು ತುಂಬಿಸಿಟ್ಟವನಿಗೆ ಸಲ್ಲತಕ್ಕದ್ದು.